ಮುಳುಗಿದವನ ಕಾಗದಗಳು

ರಾಡೋಯ್ ಶನಿವಾರದ ಪತ್ರಿಕೆಯನ್ನು ಗೋಡೆಗೆ ಎಸೆದ. ಮತ್ತೆ ತಾನೇ ಎತ್ತಿಕೊಂಡು ಓದಿದ. ಅನುಮಾನವೇ ಇಲ್ಲ. ಇದು ಅವನ ಏಳನೆಯ ಅಧ್ಯಾಯ.

ಜೇನು ಸಾಕುವ ವಿಧವೆ. ಡ್ಯಾನ್ಯೂಬ್ ಹೊಳೆಯಲ್ಲಿ ಮುಳುಗಿ ಸತ್ತ ಗಂಡ. ಸತ್ತವನಿಂದ ತಿಂಗಳಿಗೊಂದು ಕಾಗದ. ಹೆಸರು ಬೇರೆ, ಊರು ಬೇರೆ, ಉಳಿದದ್ದೆಲ್ಲ ಅವನದೇ. ಐದನೆಯ ಕಾಗದ ಬಂದಲ್ಲಿಗೆ ಅವನ ಹಸ್ತಪ್ರತಿ ನಿಂತಿತ್ತು. ಈ ವಾರದ ಕಂತೂ ಅಲ್ಲಿಗೇ ನಿಂತಿತ್ತು. ಕೆಳಗೆ ಲೇಖಕನ ಹೆಸರು: ಕೆ. ಸ್ಟ್ರಾಹಿಲ್. ಜೂನ್‌ನಿಂದ ಈ ಮಹಾಶಯ ‘ನದೀತೀರ’ ವಾರಪತ್ರಿಕೆಯಲ್ಲಿ ಮೆರೆಯುತ್ತಿದ್ದ. ರೂಸೆ ಪಟ್ಟಣದಲ್ಲಿ ಅವನ ಮುಖ ಕಂಡವರು ಒಬ್ಬರೂ ಇಲ್ಲ.

ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು. ಪ್ರಕಾಶನದ ಸಂಪಾದಕ ಡಿಮೋವ್.

“ರಾಡೋಯ್ ಅವರೇ, ನಿಮ್ಮ ಅಂಬಿಗ ನಾಲ್ಕು ತಿಂಗಳಿಂದ ನಡುಹೊಳೆಯಲ್ಲೇ ನಿಂತಿದ್ದಾನೆ. ದಡ ಸೇರಿಸ್ತೀರಾ, ಇಲ್ಲಾ ನಾನೇ ಈಜಿಕೊಂಡು ಬರಲಾ?”

“ತಿದ್ದುತಾ ಇದೀನಿ.”

“ಕಥಾಸಂಕಲನ?”

“ಅದನ್ನೂ ತಿದ್ದುತಾ ಇದೀನಿ.”

“ಜೇನಿನ ಕಾದಂಬರಿ?”

ರಾಡೋಯ್ ಫೋನು ಕುಕ್ಕಿದ.

ಊಟದ ಮೇಜಿನ ಮೇಲೆ ಅಂಬಿಗನ ಕಾದಂಬರಿ ಹರಡಿತ್ತು. ಡಿಮೋವ್ ಮೂರು ಸಲ ಹಿಂದಕ್ಕೆ ಕಳಿಸಿದ್ದು. ಕಿಟಕಿಯ ಕಟ್ಟೆಯ ಮೇಲೆ ಮರುಮುದ್ರಣದ ಕಥೆಗಳು. ಇಸ್ತ್ರಿ ಹಲಗೆಯ ಮೇಲೆ ಜೇನಿನವಳು. ಒಂದನ್ನು ಮುಟ್ಟಿದರೆ ಇನ್ನೊಂದು ಗೊಣಗುತ್ತಿತ್ತು. ನಿನ್ನೆ ಅಂಬಿಗನ ಅತ್ತೆಯನ್ನು ಮಣ್ಣು ಮಾಡಿದ್ದ. ಹಾಳೆಗಳು ಕಲಸಿಹೋಗಿ ಇವತ್ತು ಅವಳು ಬೇರೆ ಕಥೆಯೊಂದರಲ್ಲಿ ಎಲೆಕೋಸು ಕೊಳ್ಳುತ್ತಿದ್ದಳು. ಒಂಬತ್ತು ಕಾದಂಬರಿ ಬರೆದವನು. ಹಿಂದೆಲ್ಲ ಊಟದ ನಡುವೆಯೇ ಏನೋ ಹೊಳೆದು, ಅರ್ಧ ತಟ್ಟೆ ಬಿಟ್ಟು ಬರೆಯಲು ಓಡುತ್ತಿದ್ದ. ಈ ವಸಂತದಿಂದ ಜೇನಿನವಳ ಕಥೆ ಒಂದು ಸಾಲೂ ಮುಂದೆ ಹೋಗಿರಲಿಲ್ಲ. ಮನೆಯೊಳಗೆ ಕಳ್ಳನಿರುವಾಗ ಬರೆಯುವುದಾದರೂ ಹೇಗೆ?

ಏಳನೆಯ ಅಧ್ಯಾಯ ಮೂರು ಜನರ ಕೈಗೆ ಸಿಗಬಹುದಾಗಿತ್ತು. ಡಿಮೋವ್. ಜೊತೆಗೆ ಚದುರಂಗವಾಡುವ ಗೆಳೆಯ ಸ್ಪಾಸ್. ಮತ್ತು ಅಕ್ಕ ನೆವೆನಾ. ನ್ಯಾಯಾಲಯದಲ್ಲಿ ಮೂವತ್ತು ವರ್ಷ ಶೀಘ್ರಲಿಪಿ ಬರೆದು ನಿವೃತ್ತಳಾದ ನೆವೆನಾ, ತಮ್ಮನ ಹೆಂಡತಿ ಬಿಟ್ಟುಹೋದಂದಿನಿಂದ ಅವನ ಮನೆ ನೋಡಿಕೊಳ್ಳುತ್ತಿದ್ದಳು. ಇತ್ತೀಚೆಗೆ ಅವಳು ತಮ್ಮನ ಕಣ್ಣು ತಪ್ಪಿಸುತ್ತಿದ್ದಳು. ಮಾತೂ ಕಡಿಮೆ. ಮಂಗಳವಾರ ಬೆಳಿಗ್ಗೆ ಮಾತ್ರ ಸಂತೆಗೆಂದು ಹೊರಟರೆ ಮೂರು ಗಂಟೆ ಪತ್ತೆಯಿಲ್ಲ.

ರಾಡೋಯ್ ಬಲೆ ಹೆಣೆದ. ಕಾಗದ ಬರೆದವರು ಯಾರು ಎಂಬುದಕ್ಕೆ ಮೂರು ಸುಳ್ಳು ಮುಕ್ತಾಯ ಸಿದ್ಧಪಡಿಸಿದ. ಡಿಮೋವ್‌ಗೆ ಹೇಳಿದ್ದು, ಶಾಲಾಮಾಸ್ತರ. ಸ್ಪಾಸ್‌ಗೆ, ಅಂಚೆಯವನು. ಅಕ್ಕನಿಗೆ, ಆಸ್ತಿಯ ಮೇಲೆ ಕಣ್ಣಿಟ್ಟ ಮೈದುನ. ಪತ್ರಿಕೆಯಲ್ಲಿ ಯಾವುದು ಬರುತ್ತದೋ, ಅದನ್ನು ಕೇಳಿದವನೇ ಕಳ್ಳ. ನಿಜವಾದ ಮುಕ್ತಾಯ ಅವನಿಗೇ ತಿಳಿದಿರಲಿಲ್ಲ, ಆ ಮಾತು ಬೇರೆ.

ನೆವೆನಾ ಬಾಲ್ಕನಿಯಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸಿಪ್ಪೆ ಬಿಡಿಸುತ್ತಿದ್ದಳು. ಅವನು ಓದಿ ಹೇಳಿದ ಮುಕ್ತಾಯವನ್ನು ಕೊನೆಯವರೆಗೂ ಕೇಳಿಸಿಕೊಂಡಳು.

“ಮೈದುನ ಆಡಿಸಿದ ಹಾಗೆ ಆಡೋ ಹೆಣ್ಣಲ್ಲ ಕಣೋ ಅವಳು.”

“ಅವಳು ಎಂಥವಳು ಅಂತ ನಿನಗೇನು ಗೊತ್ತಕ್ಕ?”

ನೆವೆನಾ ಕೈಗಂಟಿದ ಕರಿ ಒರೆಸಿಕೊಂಡಳು. “ನಿನ್ನ ಪುಸ್ತಕ, ನಿನ್ನಿಷ್ಟ.”

ಮುಂದಿನ ಶನಿವಾರ ಧಾರಾವಾಹಿ ಮುಗಿಯಿತು. ರಾಡೋಯ್ ನಿಂತಲ್ಲೇ ಓದಿದ. ಮಾಸ್ತರನಲ್ಲ, ಅಂಚೆಯವನಲ್ಲ, ಮೈದುನನೂ ಅಲ್ಲ. ಆ ಕಾಗದಗಳನ್ನು ಬರೆಯುತ್ತಿದ್ದವಳು ವಿಧವೆಯೇ. ಕಣ್ಣು ಕಾಣದ ಅತ್ತೆಗೆ ಓದಿ ಹೇಳಲು. ಮಗ ಬದುಕಿದ್ದಾನೆಂದು ಕೇಳಿದ ದಿನ ಮಾತ್ರ ಆ ಮುದುಕಿ ರೊಟ್ಟಿ ಮುರಿದು ಬಾಯಿಗಿಡುತ್ತಿದ್ದಳು.

ರಾಡೋಯ್‌ಗೆ ಕಣ್ಣು ಹನಿಗೂಡಿತು. ಮರುಕ್ಷಣ ಮೈ ಉರಿಯಿತು. ಐದು ತಿಂಗಳು ತಲೆ ಚಚ್ಚಿಕೊಂಡರೂ ತನಗೆ ಸಿಗದ ಮುಕ್ತಾಯ, ಕದ್ದವನಿಗೆ ಸಿಕ್ಕಿತ್ತು.

ಮಂಗಳವಾರ ಬೆಳಿಗ್ಗೆಯೇ ಅವನು ಪತ್ರಿಕೆಯ ಕಚೇರಿಗೆ ನುಗ್ಗಿದ.

“ಸ್ಟ್ರಾಹಿಲ್ ಎಲ್ಲಿ?”

ಬಾಗಿಲ ಬಳಿಯ ಹೆಂಗಸು ತಲೆಯೆತ್ತಲಿಲ್ಲ. “ಇವತ್ತು ಹೊಸ ಕಥೆ ಕೊಡೋಕೆ ಬರ್ತಾರೆ. ಕೂತ್ಕೊಳ್ಳಿ.”

ಹತ್ತು ಗಂಟೆಗೆ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಈರುಳ್ಳಿಸೊಪ್ಪು ಇಣುಕುವ ಚೀಲ, ಇನ್ನೊಂದು ಕೈಯಲ್ಲಿ ದಪ್ಪ ಲಕೋಟೆ. ನೆವೆನಾ.

ಬಾಗಿಲಿನ ಹೆಂಗಸು ಎದ್ದು ನಿಂತಳು. “ಬನ್ನಿ ಮೇಡಂ. ಆ ಮುದುಕಿ ರೊಟ್ಟಿ ಮುರಿಯೋದು ಓದಿ ನಮ್ಮ ಮನೇಲಿ ಎಲ್ಲರೂ ಅತ್ತರು.”

ರಾಡೋಯ್ ಅಕ್ಕನ ತೋಳು ಹಿಡಿದು ಮೆಟ್ಟಿಲಿಗೆ ಎಳೆದು ತಂದ.

“ಹೊರಗಿನವರು ಕದ್ದಿದ್ರೆ ಪೊಲೀಸರಿಗೆ ಹೇಳ್ತಿದ್ದೆ. ಒಡಹುಟ್ಟಿದವಳು ಕದ್ದರೆ ಯಾರಿಗೆ ಹೇಳ್ಲಿ? ನನ್ನ ಹಸ್ತಪ್ರತಿಗೇ ಕೈಹಾಕಿದೆಯಲ್ಲ!”

“ನಿನ್ನ ಹಸ್ತಪ್ರತಿ ನಾನು ಮುಟ್ಟಿಲ್ಲ.”

“ಹಾಗಾದ್ರೆ ನನ್ನ ಕಥೆ ನಿನಗೆ ಹೇಗೆ ಸಿಕ್ತು?”

“ನಿನ್ನ ಕಥೆ ಐದನೇ ಕಾಗದಕ್ಕೇ ಯಾಕೆ ನಿಂತುಹೋಯ್ತು, ಮೊದಲು ಅದು ಹೇಳು.”

“ಬರಲಿಲ್ಲ. ಹೊಳೀಲಿಲ್ಲ.” ಅವನು ಕಿರುಚಿದ. “ಬರೆಯೋರ ಕಷ್ಟ ನಿನಗೇನು ಗೊತ್ತು?”

ನೆವೆನಾ ಚೀಲವನ್ನು ಮೆಟ್ಟಿಲ ಮೇಲಿಟ್ಟಳು. ಆ ವಿಧವೆ ನಿಜವಾಗಿ ಇದ್ದವಳು, ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಅವಳು ಆಡಿದ ಒಂದೊಂದು ಮಾತನ್ನೂ ಬರೆದುಕೊಂಡವಳು ತಾನೇ ಎಂದಳು. ಆಮೇಲೆ ತಮ್ಮನ ಅಂಗಿಯ ಗುಂಡಿ ಸರಿಮಾಡುತ್ತ, ಮೆಲ್ಲಗೆ, ಯಾವ ಸಿಟ್ಟೂ ಇಲ್ಲದೆ ಹೇಳಿದಳು:

“ಏಪ್ರಿಲ್‌ನಲ್ಲಿ ಊಟಕ್ಕೆ ಕೂತಾಗ, ನಾನು ಅವಳ ಕಥೆ ಐದನೇ ಕಾಗದದವರೆಗೆ ಹೇಳೋ ಹೊತ್ತಿಗೆ, ‘ಬಾಯ್ ಮುಚ್ಚಕ್ಕ, ನನಗೆ ಬರೆಯೋದಿದೆ’ ಅಂದುಬಿಟ್ಟೆಯಲ್ಲೋ.”