ಪೆಡಲಿನಡಿಯ ಮರದ ತುಂಡು

"ಕ್ಲಚ್‌ಗೆ ಏನೂ ಆಗಿಲ್ಲ ಅಕ್ಕ," ಎನ್ನುತ್ತ ಮೆಕ್ಯಾನಿಕ್ ಕಾರಿನಿಂದ ತಲೆ ಹೊರಗೆ ಹಾಕಿ, ಬಟ್ಟೆ ಸುತ್ತಿದ ಮರದ ತುಂಡೊಂದನ್ನು ಅವಳ ಅಂಗೈಯಲ್ಲಿಟ್ಟ. "ಪೆಡಲ್ ಕೆಳಗೆ, ರಬ್ಬರ್ ಹಾಸಿನಡಿ ಇತ್ತು. ಪೆಡಲ್ ಪೂರ್ತಿ ಇಳಿಯೋಕೇ ಬಿಟ್ಟಿಲ್ಲ ಇದು. ಇನ್ನು ಗೇರ್ ಕಿರುಚದೆ ಹಾಡು ಹೇಳತ್ತಾ? ಯಾರೋ ಬೇಕಂತಲೇ ಇಟ್ಟಿದ್ದಾರೆ."

ಇಪ್ಪತ್ತಾರು ವರ್ಷದ ಹಿಂದಿನ ಮಾತು, ಮಗು ಇನ್ನೂ ಕಂಕುಳಲ್ಲಿದ್ದಾಗಿನದು. ಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಯಾರೂ ಮುಟ್ಟದ ಈ ಕಾರನ್ನು ಓಡಿಸಲು ಕಲಿಯಹೊರಟಿದ್ದಳು. ಗೇರ್ ಕಿರುಚಿದಾಗಲೆಲ್ಲ ಬೀದಿಗೆ ಬೀದಿಯೇ ನಗುತ್ತಿತ್ತು. ಕ್ಲಚ್ ಸುಟ್ಟವಳು ತಾನೇ ಎಂದುಕೊಂಡು ತಿಂಗಳೊಳಗೆ ಕೈಬಿಟ್ಟಿದ್ದಳು. ಆಮೇಲೆ ಯಾವುದಕ್ಕೇ ಆಗಲಿ, 'ನನ್ನ ಕೈಲಾಗಲ್ಲ' ಎಂಬುದೇ ಅವಳ ಬಾಯಿಗೆ ಮೊದಲು ಬರುತ್ತಿತ್ತು. ಗುಜರಿಗೆ ಹಾಕುವ ಮುನ್ನ ಒಮ್ಮೆ ತೋರಿಸೋಣವೆಂದು ಇವತ್ತು ಎಳೆಸಿ ತಂದಿದ್ದಳು, ಅಷ್ಟೇ.

ಸದ್ದಾಗದಿರಲೆಂದು ಸುತ್ತಿದ್ದ ಬಟ್ಟೆ, ನಡುಮನೆಯ ಹಳೆಯ ಹಸಿರು ಪರದೆಯದು. ಅಂಚಿಗೆ ಎರಡು ಗಿಡ್ಡ, ಒಂದು ಉದ್ದ, ಮತ್ತೆ ಎರಡು ಗಿಡ್ಡ ಹೊಲಿಗೆ. ಮನೆಯ ಪ್ರತಿ ದಿಂಬಿನ ಮೇಲೂ ಇರುವ ಹೊಲಿಗೆ ಅದು. ಅಂದು ಅವಳ ಕಣ್ಣೊರೆಸಿ, "ಕಾಲಿಗೆ ಒಗ್ಗದ್ದನ್ನ ಬಿಟ್ಟುಬಿಡು ಮಗಳೇ," ಎಂದಿದ್ದ ಅತ್ತೆಯದು.

ಅವಳು ತಿರುಗಿದಳು. ಜೊತೆಗೆ ಬಂದು ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದ ಅತ್ತೆಯ ಕಣ್ಣು ಆ ಬಟ್ಟೆಯ ಮೇಲೇ ಇತ್ತು.

"ನೀನು ಕಲಿತಿದ್ರೆ ಮಗುನ ಎತ್ಕೊಂಡು ಹೊರಟೇ ಹೋಗ್ತಿದ್ದೆ ಕಣೇ," ಎಂದರು ಅತ್ತೆ. "ನನ್ನ ಮಗನ ಕೈಯೇಟು ಎಂಥದು ಅಂತ ನಂಗೂ ಗೊತ್ತಿತ್ತು. ನೀನು ಹೋದ್ರೆ ಆ ಮನೇಲಿ ಅವನ ಜೊತೆ ನಾನೊಬ್ಬಳೇ ಇರಬೇಕಿತ್ತಲ್ಲೇ."