ಮೇ ಮೂವತ್ತರ ಮದುವೆ

“ಮದುವೆ ದಿನಾನ ಸ್ವಲ್ಪ ಆಚೀಚೆ ಮಾಡೋಕಾಗತ್ತಾ ಫಾದರ್?” ಮೀನು ವ್ಯಾಪಾರಿ ಎಜಿದಿಯೊ ಟೋಪಿಯನ್ನು ಕೈಯಲ್ಲಿ ಹಿಸುಕುತ್ತ ಕೇಳಿದ.

ಪಾದ್ರಿ ದೋನ್ ಕಾಲೊಜೆರೊ ಕನ್ನಡಕದ ಮೇಲಿಂದ ನೋಡಿದರು. “ಯಾಕಪ್ಪ, ಮಗಳಿಗೆ ಹುಷಾರಿಲ್ವಾ?”

“ಗುಂಡುಕಲ್ಲಿನ ಹಾಗಿದಾಳೆ.”

“ಹುಡುಗ ಕೈಕೊಟ್ನಾ?”

“ಇಲ್ಲ, ಅವನೂ ಇದಾನೆ.”

“ಮತ್ತೇನು ಕಾರಣ?”

“ಇದೆ... ಒಂದು ಕಾರಣ.”

ಅದು ಪಾದ್ರಿಗೂ ಗೊತ್ತಿತ್ತು, ಸಿಸಿಲಿಯ ಆ ಬಂದರೂರಿನ ಬೆಕ್ಕುಗಳಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಅಷ್ಟೆ. ದೇಶದ ಲೀಗಿನಲ್ಲಿ ಊರಿನ ಫುಟ್‌ಬಾಲ್ ತಂಡ ಸೋತು ಸುಣ್ಣವಾಗಿ ತಳಕ್ಕೆ ಅಂಟಿಕೊಂಡಿತ್ತು. ಯುರೋಪಿನ ಕಪ್ಪಿನಲ್ಲಿ ಮಾತ್ರ ಅದೇ ಕಾಲುಗಳಿಗೆ ಯಾವ ದೆವ್ವ ಹೊಕ್ಕಿತ್ತೋ, ದೊಡ್ಡ ದೊಡ್ಡವರಿಗೆಲ್ಲ ಮಣ್ಣು ಮುಕ್ಕಿಸಿ ಸೆಮಿಫೈನಲ್ಲಿಗೆ ಬಂದು ನಿಂತಿತ್ತು. ಗುರುವಾರ ಅದನ್ನೂ ಗೆದ್ದರೆ ಮುಂದಿನದು ಮೇ ಮೂವತ್ತರ ಸಂಜೆ. ಸೆಪ್ಟೆಂಬರಿನಲ್ಲೇ ಮಗಳ ಮದುವೆಗೆ ಗೊತ್ತು ಮಾಡಿದ್ದೂ ಅದೇ ಸಂಜೆ! ಆದರೆ ಗೆಲ್ಲುವ ಮೊದಲೇ ಆ ಮುಂದಿನದರ ಹೆಸರೆತ್ತಿದರೆ ತಂಡಕ್ಕೆ ಗ್ರಹಚಾರ ತಪ್ಪಿದ್ದಲ್ಲ ಎಂಬುದು ಊರಿನ ಹಾಲು ಕುಡಿಯುವ ಮಗುವಿಗೂ ಗೊತ್ತು.

ಪಾದ್ರಿ ದನಿ ತಗ್ಗಿಸಿದರು. “ಈಗ ದಿನ ಬದಲಾಯಿಸಿದ್ರೆ, ಅದನ್ನ ಬಾಯಿಬಿಟ್ಟು ಹೇಳಿದ ಹಾಗೇ ಅಲ್ವೇನಯ್ಯ?”

ಬಾಗಿಲಾಚೆ ಕಾಯುತ್ತಿದ್ದ ಮಗಳು ಲೋರೆದಾನಾ ರೇಗಿ ಒಳಗೆ ಬಂದಳು. “ಇದೇನು ಕಳ್ಳರ ಹಾಗೆ ಗುಸುಗುಸು? ಫೈನಲ್ ಅಂತ ಹೇಳೋಕೆ ಏನು ಕಷ್ಟ ನಿಮಗೆ?”

ಎಜಿದಿಯೊ ಧಡಕ್ಕನೆ ಎದ್ದು ಕಿಟಕಿಯ ಕಬ್ಬಿಣದ ಸರಳು ಹಿಡಿದುಕೊಂಡ. ಅಪಶಕುನಕ್ಕೆ ಅಲ್ಲಿ ಕಬ್ಬಿಣವೇ ಮದ್ದು. ಪಾದ್ರಿ ಶಿಲುಬೆಯ ಗುರುತು ಮಾಡಿಕೊಂಡರು. ಅದು ಸಾಲದೆನಿಸಿತೋ ಏನೋ, ತಾವೂ ಒಂದು ಸರಳು ಹಿಡಿದರು. ದಿನ ಬದಲಾಗಲಿಲ್ಲ.

ಗುರುವಾರ ತಂಡ ಕೊನೆಯ ಗಳಿಗೆಯ ಗೋಲಿನಿಂದ ಗೆದ್ದಿತು. ಮರುದಿನ ಲೋರೆದಾನಾ ಮೀನಿನಂಗಡಿಗೇ ಬಂದಳು. “ಈಗಂತೂ ಹೇಳಬಹುದಲ್ಲ. ಮದುವೇನ ಭಾನುವಾರಕ್ಕೆ ಹಾಕ್ಸು ಅಪ್ಪ. ಹುಟ್ಟಿದಾಗಿಂದ ಕಾದಿದೀಯ, ಹೋಗಿ ನೋಡು.”

“ತಲೆಗಿಲೆ ಕೆಟ್ಟಿದೆಯಾ ನಿಂಗೆ? ಅವತ್ತು ಬದಲಾಯಿಸದೆ ಇದ್ದಿದ್ದೇ ಒಳ್ಳೇದಾಯ್ತು. ಮದುವೆಗೆ ಆ ದಿನ ಗೊತ್ತು ಮಾಡಿದ ಮೇಲೇನೇ ಇವರು ಯುರೋಪಲ್ಲಿ ಗೆಲ್ಲೋಕೆ ಶುರುಮಾಡಿದ್ದು. ಅದೃಷ್ಟ ಇರೋದೇ ಆ ದಿನದಲ್ಲಿ. ಯಾರೂ ಮುಟ್ಟೋ ಹಾಗಿಲ್ಲ.”

“ಅಂದ್ರೆ ನೀನು ಫೈನಲ್ ಬಿಡ್ತಿರೋದು ನನಗೋಸ್ಕರ ಅಲ್ಲ.”

ಎಜಿದಿಯೊ ತಲೆಯೆತ್ತದೆ ಮೀನು ಕೊಯ್ಯುತ್ತಲೇ ಇದ್ದ. ಅವಳು ಮುಖ ಊದಿಸಿಕೊಂಡು ಹೊರಟುಹೋದಳು.

ಮೇ ಮೂವತ್ತರ ಸಂಜೆ ಚರ್ಚಿನ ಅರ್ಧಕ್ಕರ್ಧ ಬೆಂಚು ಖಾಲಿ. ಬಂದ ಗಂಡಸರ ಮುಖದಲ್ಲಿ ಸಾವಿನ ಮನೆಯ ಕಳೆ. ಎಜಿದಿಯೊ ಮಗಳ ಕೈಯನ್ನು ತೋಳಿಗೆ ಸಿಕ್ಕಿಸಿಕೊಂಡು ಪೀಠದ ಕಡೆಗೆ ಹೊರಟ. ಅರ್ಧ ದಾರಿಗೆ ಬಂದಾಗ ಹೊರಗೆ ಚೌಕದಲ್ಲಿ ಪರದೆಯ ಮೇಲೆ ಮ್ಯಾಚ್ ನೋಡುತ್ತಿದ್ದ ಇಡೀ ಊರು ಒಮ್ಮೆಲೇ ಕೂಗಿಕೊಂಡಿತು. ಸಂತೋಷದ ಕೂಗೋ, ಸಂಕಟದ್ದೋ, ಒಳಗಿದ್ದ ಒಬ್ಬರಿಗೂ ತಿಳಿಯಲಿಲ್ಲ. ಎಜಿದಿಯೊನ ಕಾಲು ಅಲ್ಲೇ ನಿಂತುಬಿಟ್ಟಿತು. ಕಣ್ಣಿಂದ ನೀರು ದಳದಳ ಇಳಿಯಿತು.

ಲೋರೆದಾನಾ ಮುಸುಕಿನೊಳಗಿಂದಲೇ ಕೇಳಿದಳು: “ನಿಜ ಹೇಳಪ್ಪ. ಅಳ್ತಿರೋದು ನನಗೋಸ್ಕರಾನಾ, ಮ್ಯಾಚಿಗೋಸ್ಕರಾನಾ?”

“ದೇವರ ಮನೇಲಿ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬೇಡ ಮಗಳೇ,” ಎಂದ ಎಜಿದಿಯೊ. “ಸುಮ್ನೆ ನಡಿ.”