ಅರ್ಧಕ್ಕೆ ನಿಂತ ಭೀಮಪಲಾಸ

ಭೀಮಪಲಾಸ ರಾಗದ ಆಲಾಪದ ನಡುವೆ ಮೆಹರೀನಳ ಕೈಯಿಂದ ಉಕ್ಕಿನ ಪಿನ್ನು ಜಾರಿ ವೇದಿಕೆಯಿಂದ ಕೆಳಗೆ ಉರುಳಿತು. ಒಂಬತ್ತರ ಹುಡುಗಿಯೊಬ್ಬಳು ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಅಪ್ಪನ ಗ್ಯಾರೇಜಿನ ಹಳೆಯ ಪಿಸ್ಟನ್ ಪಿನ್ನನ್ನು ತಂತಿಗಳ ಮೇಲೆ ಜಾರಿಸಿ ರಾಗ ನುಡಿಸುತ್ತಾಳೆಂದು ಕೇಳಿ ಕೊಟ್ಟೂರಿನ ಜನ ಕಿಕ್ಕಿರಿದಿದ್ದರು. ನಿನ್ನೆ ಹಡಗಲಿ, ಮೊನ್ನೆ ಹರಪನಹಳ್ಳಿ. ಎಲ್ಲ ಕಡೆಯೂ ಶಾಲು, ಹಾರ, ಫೋಟೊ.

ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಉಸ್ಮಾನ್ ಸಾಬ್ ಪಿನ್ನನ್ನು ಹೆಕ್ಕಿ, ಅಂಗಿಗೆ ಒರೆಸಿ ಮಗಳತ್ತ ಚಾಚಿದ. ಅವಳು ಕೈ ನೀಡಲಿಲ್ಲ.

"ಅಬ್ಬಾ, ನಿದ್ದಿ ಬರ್ತೈತಿ" ಎಂದಳು ಮೆಲ್ಲಗೆ. ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. ಜನ ನಕ್ಕರು. ಉಸ್ಮಾನ್ ಸಾಬ್ ಕೂಡ ನಗಲು ಹೋದ. ಅಷ್ಟರಲ್ಲಿ ತಂತಿ ತಾಗಿ ಸುಲಿದಿದ್ದ ಅವಳ ಬೆರಳು ಕಣ್ಣಿಗೆ ಬಿತ್ತು. ಇಷ್ಟು ದಿನ ಅದನ್ನು ತಾನು ನೋಡಿಯೇ ಇರಲಿಲ್ಲ.

ಸಂಘಟಕ ಗುರುಸಂಗಪ್ಪ ಬಗ್ಗಿ, "ಇನ್ನೊಂದೀಟು ಬಾರಿಸ್ಲಿ ಸಾಬ್ರೇ, ಇಷ್ಟು ಮಂದಿ ಕುಂತಾರ" ಎಂದರು.

ಉಸ್ಮಾನ್ ಸಾಬ್ ವೇದಿಕೆ ಹತ್ತಿ, ಗಿಟಾರನ್ನು ಪಕ್ಕಕ್ಕಿಟ್ಟು, ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ತಪ್ಪು ತಿಳೀಬ್ಯಾಡ್ರಿ. ಮನಿಗಿ ಹೊಂಟೀವಿ."